ಪದಚರ್ಚೆ: ಕುಗ್ಗುವ ಉಂಗುರಕ್ಕೆ ಲಂಗರು ಬೇಕೆ?

ಪ್ರಶ್ನೆ:

ಬಲ್ಲವರಿಗೆ ನಮಸ್ಕಾರ. ಕೋಶ ಎರಡಾಗುವಾಗ ಅದರ ನಡುವನ್ನು ಬಿಗಿಯುವ ಉಂಗುರದ ಬಗ್ಗೆ ಜೀವಶಾಸ್ತ್ರದ ಪಾಠವೊಂದರ ಕರಡಿನಲ್ಲಿ ಈ ವಾಕ್ಯವಿದೆ: ‘ಅನಿಲಿನ್ ಎಂಬ ಸಾರವೆ ಪ್ರೋಟೀನು ಸಂಕುಚಿತ ಉಂಗುರವನ್ನು ಕೋಶಪೊರೆಗೆ ಲಂಗರು ಹಾಕುತ್ತದೆ.’ ‘ಸಂಕುಚಿತ’ ಸರಿಯೇ? ‘ಲಂಗರು’ ಬಿಟ್ಟು ಬೇರೆ ಮಾತಿದೆಯೇ? ಗಾರೆಯವರ ‘ಸಾರವೆ’ಯನ್ನು ಇಲ್ಲಿಗೆ ತರಬಹುದೇ?

ಉತ್ತರ 1:

ಮೊದಲು ‘ಸಂಕುಚಿತ’ವನ್ನು ತೆಗೆದುಹಾಕಿ. ಅದು ಆಗಲೇ ಕುಗ್ಗಿಹೋದದ್ದು. ಇಲ್ಲಿ ಬೇಕಾದದ್ದು ಕುಗ್ಗಬಲ್ಲದ್ದು. ‘ಸಂಕೋಚದ ಉಂಗುರ’ ಎಂದರೆ ಉಂಗುರ ನಾಚಿಕೊಂಡಂತಾಗುತ್ತದೆ. ‘ಸಂಕೋಚನಶೀಲ’ ತಪ್ಪಲ್ಲ, ನಾಲಿಗೆಗೆ ಭಾರ. ‘ಕುಗ್ಗುವ ಉಂಗುರ’ ಸಾಕು. ಕೆಲವರು ‘ಜೀರುಗುಣಿಕೆ’ ಎನ್ನುತ್ತಾರೆ. ಕೇಳಲು ಚೆನ್ನ, ಆದರೆ ಅದು ಬಿಗಿಯಾಗುವುದು ಹೊರಗಿನಿಂದ ಬಾಲ ಎಳೆದಾಗ. ಕೋಶದ ಉಂಗುರಕ್ಕೆ ಬಾಲವೇ ಇಲ್ಲ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಒಂದರ ಮೇಲೊಂದು ಜಾರಿಸಿ ಎಳೆಯುತ್ತದೆ, ಎಳೆತ ಹುಟ್ಟುವುದು ಉಂಗುರದ ಒಳಗೇ. ಕಿರಿದಾಗುತ್ತ ಹೋದಂತೆ ಅದರ ಎಳೆಗಳೂ ಕಳಚಿಹೋಗುತ್ತವೆ. ರಬ್ಬರ್ ಬ್ಯಾಂಡಿನಂತೆ ದಪ್ಪವಾಗುವುದಿಲ್ಲ.

‘ಲಂಗರು’ ವಿಚಾರ. ಲಂಗರು ಹಾಕಿದ ದೋಣಿ ಒಂದೇ ಹಗ್ಗದಲ್ಲಿ ನಿಂತಿರುತ್ತದೆ, ಗಾಳಿ ಬಂದರೆ ಸುತ್ತಲೂ ತೂಗಾಡುತ್ತದೆ. ಈ ಪ್ರೋಟೀನು ಮಾಡುವುದು ಅದಕ್ಕೆ ಹೆಚ್ಚು ಕಡಿಮೆ ತಿರುಗುಮುರುಗು. ಅಣುವಿನ ಒಂದು ತುದಿ ಆಕ್ಟಿನ್ ಮತ್ತು ಮಯೋಸಿನನ್ನು ಹಿಡಿಯುತ್ತದೆ. ಇನ್ನೊಂದು ತುದಿ ಪೊರೆಯ ಕೊಬ್ಬನ್ನೂ ಸೆಪ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನೂ, ಉಂಗುರ ಎಲ್ಲಿ ಕಟ್ಟಬೇಕೆಂದು ಗುರುತು ಮಾಡುವ ರೋ ಎಂಬ ಪ್ರೋಟೀನನ್ನೂ ಹಿಡಿಯುತ್ತದೆ. ಇಂಥ ಅಣುಗಳು ಉಂಗುರದ ಉದ್ದಕ್ಕೂ ಒತ್ತೊತ್ತಾಗಿ ಇರುತ್ತವೆ. ಹಾಗಾಗಿ ಇದು ಲಂಗರಿಗಿಂತ ಹೊಲಿಗೆಗೆ ಹತ್ತಿರ. ಹೊಲಿಗೆ ಸಡಿಲವಾದರೆ ಉಂಗುರ ಕುಗ್ಗಿದರೂ ಪೊರೆ ಜೊತೆಗೆ ಒಳಗೆ ಬರುವುದಿಲ್ಲ.

ಸಡಿಲವಾದರೆ ಏನಾಗುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯನ ಕೋಶಗಳಲ್ಲಿ ಈ ಪ್ರೋಟೀನನ್ನು ಕಡಿಮೆ ಮಾಡಿದರೂ ನಡುವಿನ ಕೊರಕಲು ಮೂಡುತ್ತದೆ, ಆದರೆ ಒಂದೆಡೆ ನಿಲ್ಲದೆ ಆ ಬದಿ ಈ ಬದಿ ಓಲಾಡುತ್ತದೆ. ಕೊನೆಗೆ ವಿಭಜನೆ ಕೆಟ್ಟು, ಒಂದೇ ಕೋಶದಲ್ಲಿ ಎರಡು ಕೋಶಕೇಂದ್ರ ಉಳಿಯುತ್ತವೆ. ಹಾಗಾಗಿ ‘ಪೊರೆಗೆ ಬಿಗಿಯುತ್ತದೆ’ ಎನ್ನಿ, ಅಥವಾ ‘ಹೊಲಿದು ನಿಲ್ಲಿಸುತ್ತದೆ’. ಹಿಡಿತ ಮತ್ತು ಸ್ಥಾನ ಎರಡೂ ಅದರಲ್ಲಿ ಬರಬೇಕು.

ಆದರೆ ‘ಇದಿಲ್ಲದೆ ಕೋಶ ಒಡೆಯುವುದೇ ಇಲ್ಲ’ ಎಂಬ ಅರ್ಥ ಬರದಂತೆ ನೋಡಿ. ಸಿ. ಎಲಿಗನ್ಸ್ ಹುಳುವಿನ ಭ್ರೂಣದ ಮೊದಲ ವಿಭಜನೆ ಇದು ಕಡಿಮೆಯಾದರೂ ಮುಗಿಯುತ್ತದೆ. ಸಾಮಾನ್ಯವಾಗಿ ಅಲ್ಲಿ ಕೊರಕಲು ಒಂದು ಬದಿಯಿಂದ ಮುಂದಾಗಿ ಒಳಬರುತ್ತದೆ. ಇದು ಕಡಿಮೆಯಾದಾಗ ಸುತ್ತಲಿಂದಲೂ ಸಮನಾಗಿ ಬರುತ್ತದೆ. ಅಷ್ಟೇ ವ್ಯತ್ಯಾಸ.

ಉತ್ತರ 2:

‘ಸಾರವೆ’ ಬಗ್ಗೆ ನನ್ನದು ಅರ್ಧ ಒಪ್ಪಿಗೆ. ಸಾರವೆ ಕಟ್ಟಡದ ಭಾರ ಹೊರುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಿಹಾಕುತ್ತಾರೆ. ಈ ಪ್ರೋಟೀನು ಎಳೆತ ತಡೆಯುತ್ತದೆ, ಎರಡು ಕೋಶಗಳ ನಡುವೆ ಉಳಿಯುವ ಕೊನೆಯ ಸೇತುವೆಯಲ್ಲೂ ಇರುತ್ತದೆ. ಆದರೂ ಎಲ್ಲರನ್ನೂ ಒಂದೇ ಜಾಗಕ್ಕೆ ಕರೆತಂದು ನಿಲ್ಲಿಸುವುದು ಸಾರವೆಯ ಗುಣವೇ. ನಡುವೆ ಸೀಳಿ ಎರಡಾಗುವ ವಿದಳನ ಯೀಸ್ಟಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ: ಅಲ್ಲಿ ಇದರ ಬಳಗಕ್ಕೆ ಸೇರಿದ ಮಿಡ್1 ಪ್ರೋಟೀನು ಕೋಶಕೇಂದ್ರದಿಂದ ಹೊರಬಂದು ನಡುಭಾಗದ ಪೊರೆಯ ಮೇಲೆ ಸುಮಾರು 65 ಗಂಟುಗಳನ್ನು ಹೂಡುತ್ತದೆ. ಮಯೋಸಿನ್ನೂ, ಆಕ್ಟಿನ್ ಎಳೆ ಕಟ್ಟುವ ಫಾರ್ಮಿನ್ ಎಂಬ ಪ್ರೋಟೀನೂ ಅಲ್ಲಿಗೆ ಬಂದು ಸೇರುತ್ತವೆ. ಗಂಟಿನಿಂದ ಗಂಟಿಗೆ ಎಳೆ ಹಾಯ್ದು, ಎಳೆದು, ಬಿಟ್ಟು, ಮತ್ತೆ ಎಳೆದು ಸುಮಾರು 10 ನಿಮಿಷದಲ್ಲಿ ಉಂಗುರವಾಗುತ್ತದೆ. ಮಿಡ್1 ಇಲ್ಲದಿದ್ದರೂ ಉಂಗುರ ಕಟ್ಟುತ್ತದೆ, ಆದರೆ ಎಲ್ಲೆಲ್ಲೋ, ಓರೆಕೋರೆಯಾಗಿ. ಈ ಕೆಲಸಕ್ಕೆ ‘ಸಾರವೆ’ ಹೊಂದುತ್ತದೆ, ಬಿಗಿಯುವ ಕೆಲಸಕ್ಕೆ ಹೊಂದುವುದಿಲ್ಲ. ಕರಡಿನ ವಾಕ್ಯ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಹೊರಟು ತೊಡಕಾಗಿದೆ. ಎರಡು ವಾಕ್ಯ ಮಾಡಿ.

ಪಾಠದಲ್ಲಿ ‘ಪ್ರಾಣಿಕೋಶಗಳಲ್ಲಿ’ ಎಂಬ ಮಾತು ಇರಲೇಬೇಕು. ಸಸ್ಯಕೋಶದಲ್ಲಿ ಈ ಉಂಗುರ ಇಲ್ಲ, ನಡುವೆ ಕೋಶಫಲಕ ಬೆಳೆದು ಅಡ್ಡಗೋಡೆಯಾಗುತ್ತದೆ. ಹಾಗೆಯೇ ಬರಿ ‘ಕೋಶ ವಿಭಜನೆ’ ಎಂದರೆ ಕೋಶಕೇಂದ್ರ ಇಬ್ಭಾಗವಾಗುವುದೂ ಸೇರುತ್ತದೆ. ಉಂಗುರದ ಕೆಲಸ ಅದರ ನಂತರದ ‘ಕೋಶದ್ರವ್ಯ ವಿಭಜನೆ’ಯದು.

ಯಾರೂ ಕೇಳದ ಒಂದು ಸಂಗತಿ: ಹೆಸರಿನ ಕಾಗುಣಿತ. ‘ಅನಿಲಿನ್’ ಎಂದು ಬರೆದರೆ ಮಕ್ಕಳು ಬಣ್ಣದ ಕಾರ್ಖಾನೆಯ ‘ಅನಿಲೀನ್’ ಎಂದು ಓದುತ್ತಾರೆ, ಇಲ್ಲವೇ ‘ಅನಿಲ’ಕ್ಕೆ ಸೇರಿದ್ದೆಂದು ತಿಳಿಯುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ಹಣ್ಣುನೊಣದಲ್ಲಿ ಕಂಡ ಈ ಪ್ರೋಟೀನಿಗೆ ಕ್ರಿಸ್ಟೀನ್ ಫೀಲ್ಡ್ ಮತ್ತು ಬ್ರೂಸ್ ಆಲ್ಬರ್ಟ್ಸ್ 1995ರಲ್ಲಿ ಇಟ್ಟ ಹೆಸರಿನ ಮೂಲ ಸ್ಪ್ಯಾನಿಷ್‌ನ ‘ಅನಿಯೊ’ (anillo), ಅರ್ಥ, ಉಂಗುರ. ‘ಆನಿಲ್ಲಿನ್’ ಎಂದು ಲಕಾರಕ್ಕೆ ಒತ್ತು ಕೊಟ್ಟು ಬರೆಯಿರಿ.