ಗ್ರಂಥಪಾಲಕಿಯ ವೇಷದ ಡ್ರ್ಯಾಗನ್: ಓದುಗರ ಸ್ಪಂದನ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂದರೆ ಆಟಗಾರರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ ಮಾತಿನಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಸಿ ಉಳಿದ ಪಾತ್ರಗಳನ್ನೆಲ್ಲ ಆಡಿಸುವವರು ಗೇಮ್ ಮಾಸ್ಟರ್. ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೀಗೆ ಬರೆದಿದ್ದರು: "ನಾನು ಗೇಮ್ ಮಾಸ್ಟರ್ ಆಗಿ ನಡೆಸುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಬೆಳ್ಳಿ ಡ್ರ್ಯಾಗನ್ ಒಂದು ವೃದ್ಧ ಗ್ರಂಥಪಾಲಕಿಯ ರೂಪದಲ್ಲಿದೆ. ಗುಟ್ಟು ತಿಳಿಯುವವರೆಗೆ ಆಟಗಾರರಿಗೆ ಆಕೆ ಯಾರೋ ಒಬ್ಬ ಮುದುಕಿ. ತಿಳಿದ ಮೇಲೆ ಎಲ್ಲ ಕಷ್ಟಕ್ಕೂ ಆಕೆಯ ಬಾಗಿಲನ್ನೇ ಬಡಿಯುತ್ತಿದ್ದಾರೆ. ಆಕೆಯನ್ನು ಹೇಗೆ ಆಡಿಸಲಿ?" ಬಂದ ಉತ್ತರಗಳಲ್ಲಿ ಆಯ್ದವು ಇಲ್ಲಿವೆ.

ಬಹುಕಾಲದಿಂದ ಆಟ ನಡೆಸುತ್ತಿರುವ ಓದುಗರು

ಹೊಳೆಯುವ ಕಣ್ಣು, ಬೆಳ್ಳಿಯಂಥ ಕೂದಲು, ಎಲ್ಲ ಬಲ್ಲವರ ಮುಗುಳ್ನಗೆ, ಇವನ್ನು ಮೊದಲು ಕೈಬಿಡಿ. ಇವುಗಳಿಂದ ಗುಟ್ಟೂ ಉಳಿಯುವುದಿಲ್ಲ, ಪಾತ್ರವೂ ಬೆಳೆಯುವುದಿಲ್ಲ. ಆಕೆ ಬದಲಿಸಿರುವುದು ಮೈಯನ್ನು. ಬುದ್ಧಿ, ನೆನಪು, ಆಸೆ ಎಲ್ಲವೂ ಡ್ರ್ಯಾಗನ್ನಿನವೇ.

ಆಟದ ನಿಯಮಗಳ ಐದನೇ ಆವೃತ್ತಿಯ ಲೆಕ್ಕದಲ್ಲಿ ಡ್ರ್ಯಾಗನ್ ಪ್ರೌಢಾವಸ್ಥೆಗೆ ಬರುವುದೇ ನೂರು ವರ್ಷ ಕಳೆದ ಮೇಲೆ. 800 ದಾಟಿದರೆ ಅದು ಪ್ರಾಚೀನ ಡ್ರ್ಯಾಗನ್. ನಿಮ್ಮ ಗ್ರಂಥಪಾಲಕಿಗೆ 600 ಆಗಿದೆ ಎಂದುಕೊಳ್ಳಿ. ಈಗಿನ ರಾಜನ ಬಗ್ಗೆ ಕೇಳಿದರೆ ಅವನ ಮುತ್ತಜ್ಜಿ ಹುಡುಗಿಯಾಗಿದ್ದಾಗ ಮರದಿಂದ ಬಿದ್ದದ್ದು ಆಕೆಗೆ ಸ್ಪಷ್ಟವಾಗಿ ನೆನಪಿದೆ, ರಾಜನ ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಇಂಥದ್ದನ್ನು ಒತ್ತಿ ಹೇಳಬೇಡಿ. ಮಾತಿನ ನಡುವೆ ಬಿಟ್ಟು ಮುಂದೆ ಹೋಗಿ.

ಅದಕ್ಕಿಂತ ಮುಖ್ಯವಾದದ್ದು ಆಕೆಗೆ ಏನು ಬೇಕು ಎಂಬುದು. ಬೆಳ್ಳಿ ಡ್ರ್ಯಾಗನ್ನುಗಳಿಗೆ ಮನುಷ್ಯರ ಒಡನಾಟವೂ ಇಷ್ಟ, ಮನುಷ್ಯರ ಚರಿತ್ರೆ ಮತ್ತು ಕಲೆಯ ವಸ್ತುಗಳನ್ನು ಕೂಡಿಡುವುದೂ ಇಷ್ಟ. ಅಂದ ಮೇಲೆ ಆ ಗ್ರಂಥಾಲಯವೇ ಆಕೆಯ ನಿಧಿ. ಅಲ್ಲಿಂದ ಯಾರಾದರೂ ಒಂದು ಪುಸ್ತಕ ತೆಗೆದುಕೊಂಡು ಹೋಗಿ ಮರಳಿಸದಿದ್ದರೆ ಆಕೆ ಏನು ಮಾಡುತ್ತಾಳೆ? ಸಾಧು ಮುದುಕಿಯ ಮುಖದಲ್ಲಿ ಒಂದು ಕ್ಷಣ ಕಾಣಿಸುವ ಆ ಕೋಪ, ಯಾವ ಬೆಳ್ಳಿ ಕೂದಲಿಗಿಂತಲೂ ಹೆಚ್ಚು ಹೇಳುತ್ತದೆ.

ನನಗೆ ಬಹಳ ಪ್ರಿಯವಾದ ಒಂದು ಸಂಗತಿ ಇದೆ. ಪ್ರೌಢ ಬೆಳ್ಳಿ ಡ್ರ್ಯಾಗನ್ನಿಗೆ ಚಳಿಯಿಂದ ಯಾವ ಹಾನಿಯೂ ಇಲ್ಲ. ಐದನೇ ಆವೃತ್ತಿಯ 2014ರ ನಿಯಮಗಳ ಪ್ರಕಾರ ಮನುಷ್ಯ ರೂಪ ತಾಳಿದಾಗ ಆ ರಕ್ಷಣೆ ಹೋಗುತ್ತದೆ. ಶತಮಾನಗಳ ಕಾಲ ಹಿಮದಲ್ಲಿ ಮಲಗಿದವಳು ಈ ಮೈಯಲ್ಲಿ ಮೊದಲ ಸಲ ನಡುಗಿದ್ದಾಳೆ! ಆಕೆ ಕಂಬಳಿ ಹೊದ್ದುಕೊಳ್ಳುವುದನ್ನು, ಒಲೆಯ ಪಕ್ಕ ಕೈ ಚಾಚುವುದನ್ನು ಸುಖಪಟ್ಟು ಆಡಿ. ಮನುಷ್ಯರ ನಡುವೆ ಆಕೆ ಏಕೆ ಉಳಿದಿದ್ದಾಳೆ ಎಂದು ಆಟಗಾರರಿಗೆ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ನಿಯಮ ಪುಸ್ತಕವನ್ನು ಪ್ರೀತಿಸುವ ಆಟಗಾರ್ತಿ

ಎಲ್ಲ ಕಷ್ಟಕ್ಕೂ ಆಟಗಾರರು ಆಕೆಯ ಬಾಗಿಲನ್ನೇ ಬಡಿಯುತ್ತಾರೆ ಎಂಬ ನಿಮ್ಮ ಎರಡನೆಯ ತೊಡಕಿಗೆ ನಿಯಮದಲ್ಲೇ ಉತ್ತರವಿದೆ. ಅದೇ 2014ರ ನಿಯಮಗಳಲ್ಲಿ ರೂಪ ಬದಲಿಸಿದ ಡ್ರ್ಯಾಗನ್ ತನ್ನ ಹಿಟ್ ಪಾಯಿಂಟುಗಳನ್ನು (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಲೆಕ್ಕ), ಬುದ್ಧಿ ಮತ್ತು ವಿವೇಕದ ಅಂಕಗಳನ್ನು ಉಳಿಸಿಕೊಳ್ಳುತ್ತದೆ. ರೆಕ್ಕೆ, ಉಗುರು, ಹಿಮದ ಉಸಿರು ಉಳಿಯುವುದಿಲ್ಲ. ಅಂದರೆ 243 ಹಿಟ್ ಪಾಯಿಂಟುಗಳ ಮುದುಕಿ! ಕಳ್ಳನೊಬ್ಬ ಕಠಾರಿಯಿಂದ ಇರಿದರೆ ಪೆಟ್ಟಿನ ಲೆಕ್ಕಕ್ಕೆ ನಾಲ್ಕು ಮುಖದ ಒಂದು ದಾಳ ಉರುಳುತ್ತದೆ, ಆಕೆ ಓದುತ್ತಿದ್ದ ಪುಟದಿಂದ ತಲೆಯನ್ನೂ ಎತ್ತುವುದಿಲ್ಲ. ಗುಟ್ಟು ಬಯಲಾಗಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಹೊಳೆಯುತ್ತಿಲ್ಲ.

ಆದರೆ ನಿಜವಾಗಿ ಹೋರಾಡಬೇಕೆಂದರೆ ಆಕೆ ನಿಜರೂಪಕ್ಕೆ ಬರಬೇಕು. ಪ್ರೌಢ ಡ್ರ್ಯಾಗನ್ನಿಗೆ ನೆಲದ ಮೇಲೆ 15 ಅಡಿ ಉದ್ದ, 15 ಅಡಿ ಅಗಲದ ಜಾಗ ಬೇಕು. ಕಪಾಟುಗಳ ನಡುವೆ ಆ ಜಾಗ ಎಲ್ಲಿದೆ? ಒಂದು ಸಲ ರೂಪ ಬದಲಿಸಿದರೆ ಪುಸ್ತಕಗಳೂ ಹಾಳು, ಊರವರೊಡನೆ ಕಟ್ಟಿಕೊಂಡ ಬದುಕೂ ಹಾಳು. ಮುಂದಿನ ಸಲ ಆಟಗಾರರು ಬಾಗಿಲು ಬಡಿದಾಗ ಆಕೆ ಕಪಾಟುಗಳನ್ನು ತೋರಿಸಿ, "ಇದಕ್ಕಾಗಿ ನಾನು ಇವನ್ನೆಲ್ಲ ಕಳೆದುಕೊಳ್ಳಬೇಕೇ?" ಎಂದು ಕೇಳಲಿ. ಕೆಲವು ಸಲ ಅವರ ಉತ್ತರ ಹೌದು ಎಂದೇ ಇರುತ್ತದೆ. ಆಗ ಆಕೆಯನ್ನು ಎಬ್ಬಿಸಿ, ಛಾವಣಿ ಬೀಳಲಿ.

ಮಹಾಭಾರತ ಓದುತ್ತಾ ಬೆಳೆದ ಓದುಗರು

ಆದಿಪರ್ವದ ಉತ್ತಂಕನ ಕಥೆ ನೋಡಿ. ಗುರುಪತ್ನಿಗಾಗಿ ಕುಂಡಲಗಳನ್ನು ತರುವಾಗ ದಾರಿಯಲ್ಲಿ ಒಬ್ಬ ಬೆತ್ತಲೆ ಸನ್ಯಾಸಿ ಒಮ್ಮೆ ಕಾಣುತ್ತಾನೆ, ಒಮ್ಮೆ ಮರೆಯಾಗುತ್ತಾನೆ. ಉತ್ತಂಕ ಕುಂಡಲಗಳನ್ನು ನೆಲದ ಮೇಲಿಟ್ಟು ನೀರಿಗಿಳಿದಾಗ ಅವನು ಅವನ್ನು ಎತ್ತಿಕೊಂಡು ಓಡುತ್ತಾನೆ. ಹಿಡಿದ ಕೂಡಲೇ ವೇಷ ಕಳಚಿ ತಕ್ಷಕನಾಗಿ ಬಿಲದೊಳಗೆ ನುಗ್ಗುತ್ತಾನೆ. ಕಾಣುವುದು, ಮರೆಯಾಗುವುದು ಎಂಬ ಸುಳಿವನ್ನು ಕಥೆ ಮೊದಲೇ ಕೊಟ್ಟಿದೆ, ನಾವು ಅದನ್ನು ಗಮನಿಸದೆ ದಾಟಿರುತ್ತೇವೆ. ನಿಮ್ಮ ಸುಳಿವುಗಳೂ ಹಾಗಿರಲಿ: ಹಿಂತಿರುಗಿ ನೋಡಿದಾಗ ಆಟಗಾರರಿಗೆ ಎಲ್ಲವೂ ಕಣ್ಣೆದುರೇ ಇತ್ತು ಅನ್ನಿಸಬೇಕು.

ಸುಳಿವು ಆಕೆಯ ಮೈಯಲ್ಲೇ ಇರಬೇಕಾಗಿಯೂ ಇಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಡ್ರ್ಯಾಗನ್ ದೇವರು ಬಹಾಮುತ್ ಬಡ ಮುದುಕನಾಗಿ ಸುತ್ತುವಾಗ ಜೊತೆಯಲ್ಲಿ ಏಳು ಕ್ಯಾನರಿ ಹಕ್ಕಿಗಳಿರುತ್ತವೆ. ಏಳೂ ಪ್ರಾಚೀನ ಚಿನ್ನದ ಡ್ರ್ಯಾಗನ್ನುಗಳೇ. ಮುದುಕನನ್ನು ಎಷ್ಟು ದಿಟ್ಟಿಸಿದರೂ ಏನೂ ಸಿಗುವುದಿಲ್ಲ, ಹಕ್ಕಿಗಳನ್ನು ಎಣಿಸಿದವರಿಗೆ ಸಿಗುತ್ತದೆ.

ಒಪ್ಪದ ಒಬ್ಬ ಓದುಗರು

ಗುಟ್ಟಿಗೆ ಎಲ್ಲರೂ ಇಷ್ಟು ಬೆಲೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. 1989ರಲ್ಲಿ ಬಂದ ಶ್ಯಾಡೋರನ್ ಆಟದಲ್ಲಿ ಲೋಫ್ವಿರ್ ಎಂಬ ಮಹಾ ಡ್ರ್ಯಾಗನ್ ಒಂದು ದೈತ್ಯ ಕಂಪನಿಯ ಒಡೆಯ. ಅವನು ಮನುಷ್ಯ ರೂಪದಲ್ಲಿ ಬಂದು ಕೂತರೂ ಎದುರಿರುವುದು ಯಾರೆಂದು ಜನರಿಗೆ ಗೊತ್ತು. ಹೆದರಿಕೆ ಹುಟ್ಟುವುದು ಆ ತಿಳಿವಿನಿಂದಲೇ. ನಿಮ್ಮ ಆಟಗಾರರಿಗೆ ಗುಟ್ಟು ತಿಳಿದದ್ದು ನಷ್ಟವಲ್ಲ, ಈಗಲೇ ಒಳ್ಳೆಯ ಆಟ ಶುರುವಾಗಬಹುದು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಪ್ರತಿ ಸಹಾಯಕ್ಕೂ ಆಕೆ ಏನಾದರೂ ಕೇಳಲಿ, ಹಣವನ್ನಲ್ಲ. ಯೋಧ ತನ್ನ ಅಜ್ಜನ ಯುದ್ಧದ ಕಥೆಯನ್ನು ಬರೆದುಕೊಡಲಿ, ಮಾಂತ್ರಿಕೆ ತನ್ನ ಗುರುವಿನ ಟಿಪ್ಪಣಿಗಳನ್ನು ಬಿಟ್ಟುಕೊಡಲಿ. ಕೊಡಲು ಮನಸ್ಸಾಗದಂಥದ್ದನ್ನೂ ಆಕೆ ಒಂದು ದಿನ ಕೇಳಲಿ. ಬಾಗಿಲು ಬಡಿಯುವ ಮುನ್ನ ಆಟಗಾರರು ತಮ್ಮತಮ್ಮಲ್ಲಿ ಚರ್ಚೆಗೆ ಕೂರುತ್ತಾರೆ. ಆ ಚರ್ಚೆಗೆ ಅವಸರ ಮಾಡಬೇಡಿ, ಅರ್ಧ ಗಂಟೆ ಹಿಡಿದರೂ ಸರಿಯೇ.