ಮೀಟಿಂಗ್ ‘ಪ್ರಿಪೋನ್’ ಆಗಿದೆ ಅಂತ ಬರೆಯಬಹುದಾ? ಬಳಸಿ ನೋಡಿದವರ ಅನುಭವ

ಪ್ರಶ್ನೆ: ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಶುಕ್ರವಾರದ ಮೀಟಿಂಗ್ ಬುಧವಾರಕ್ಕೇ ಬಂತು. ಲಂಡನ್ನಿನ ಕ್ಲೈಂಟಿಗೆ ‘ಮೀಟಿಂಗ್ ಪ್ರಿಪೋನ್ ಆಗಿದೆ’ ಅಂತ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ. ‘ಪೋಸ್ಟ್‌ಪೋನ್ ಅಂತಲಾ?’ ಅಂತ ವಾಪಸ್ ಕೇಳಿದರು. ಪ್ರಿಪೋನ್ ತಪ್ಪು ಪದವಾ? ಏನಂತ ಬರೆಯಬೇಕಿತ್ತು? ಹೊರದೇಶದವರ ಜೊತೆ ಕೆಲಸ ಮಾಡುವವರು ದಯವಿಟ್ಟು ಹೇಳಿ.

ಧಾರವಾಡದಿಂದ, ನಿವೃತ್ತ ಇಂಗ್ಲಿಷ್ ಮೇಷ್ಟ್ರು:
ತಪ್ಪು ಪದ ಅಲ್ಲವೇ ಅಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಭಾರತೀಯ ಇಂಗ್ಲಿಷ್ ಅನ್ನುವ ಗುರುತಿನ ಜೊತೆ. ಲ್ಯಾಟಿನ್‌ನಲ್ಲಿ ‘ಪೋನೆರೆ’ ಅಂದರೆ ಇಡುವುದು. ಆಮೇಲೆ ಇಟ್ಟರೆ ಪೋಸ್ಟ್‌ಪೋನ್, ಮೊದಲೇ ಇಟ್ಟರೆ ಪ್ರಿಪೋನ್. ಲೆಕ್ಕ ಸರಿಯಾಗೇ ಇದೆ, ಅಲ್ವಾ? ನಮ್ಮವರೇ ಕಂಡುಹಿಡಿದ ಪದ ಅಂತ ಎಲ್ಲರೂ ಹೇಳುತ್ತಾರೆ. ಆದರೆ 1913ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಓದುಗರೊಬ್ಬರು ಬರೆದ ಪತ್ರದಲ್ಲಿ ಇದೇ ಅರ್ಥದಲ್ಲಿ ಬಂದಿದೆ. ಅಲ್ಲಿ ಬೇರು ಬಿಡಲಿಲ್ಲ, ಇಲ್ಲಿ ಬಿಟ್ಟಿತು. ನಮ್ಮ ಕಚೇರಿ, ಕಾಲೇಜುಗಳಲ್ಲಿ ಧಾರಾಳವಾಗಿ ಬಳಸಿ. ಒಂದೇ ಒಂದು ಮಾತು: ‘ಮೀಟಿಂಗ್ ಹ್ಯಾಸ್ ಪ್ರಿಪೋನ್ಡ್’ ಅನ್ನಬೇಡಿ. ಮೀಟಿಂಗ್ ತಾನಾಗೇ ಜರುಗುವುದಿಲ್ಲ, ಯಾರೋ ಜರುಗಿಸುತ್ತಾರೆ. ‘ಹ್ಯಾಸ್ ಬೀನ್ ಪ್ರಿಪೋನ್ಡ್’ ಆಗಬೇಕು.

ಮ್ಯಾಂಚೆಸ್ಟರ್‌ನಿಂದ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಇಲ್ಲಿಯವರಿಗೆ ಆ ಪದದ ಪರಿಚಯ ಕಡಿಮೆ. ಇಲ್ಲಿ ‘ಬ್ರಾಟ್ ಫಾರ್ವರ್ಡ್’ ಅನ್ನುತ್ತಾರೆ. ಕನ್ನಡದವರು ಎಡವುವುದು ಇಲ್ಲೇ ನೋಡಿ. ನಮಗೆ ಮುಂದಿನ ವಾರ ಅಂದರೆ ಬರುವ ವಾರ. ಮುಂದೂಡಿದರು, ಮುಂದಕ್ಕೆ ಹಾಕಿದರು ಅಂದರೆ ತಡವಾಯಿತು ಅಂತಲೇ. ಇಂಗ್ಲಿಷಿನಲ್ಲಿ ಫಾರ್ವರ್ಡ್ ತಂದರೆ ಬೇಗ ಆಯಿತು ಅಂತ! ಕಳೆದ ವರ್ಷ ನಮ್ಮ ಮಾವ ಇಲ್ಲಿಗೆ ಬಂದಿದ್ದರು. ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ‘ಬ್ರಾಟ್ ಫಾರ್ವರ್ಡ್’ ಅಂತ ಪತ್ರ ಬಂತು. ‘ಮುಂದೆ ಹೋಯಿತಂತೆ ಬಿಡಮ್ಮ, ನಿಧಾನಕ್ಕೆ ಹೋದರಾಯಿತು’ ಅಂತ ಪತ್ರ ಮಡಿಸಿ ಒಳಗಿಟ್ಟರು. ಅವರು ನಲವತ್ತು ವರ್ಷ ಬ್ಯಾಂಕಿನಲ್ಲಿದ್ದವರು, ಇಂಗ್ಲಿಷ್ ಬರದವರಲ್ಲ. ಬ್ಯಾಂಕಿನ ಲೆಡ್ಜರಿನ ‘ಬ್ರಾಟ್ ಫಾರ್ವರ್ಡ್’ ಬೇರೆಯೇ, ಅದು ಹಿಂದಿನ ಪುಟದಿಂದ ತಂದ ಬಾಕಿ.

‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’ ಅಂದರೆ ತಡ ಮಾಡುವುದು. ಹಿಂದಕ್ಕೆ ತಳ್ಳಿದರು ಅಂತ ಕನ್ನಡದಲ್ಲಿ ಯೋಚಿಸಿ ಹೊರಟರೆ ಕೆಟ್ಟಿರಿ. ತಮಾಷೆ ಏನೆಂದರೆ, ಇಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ‘ಬ್ಯಾಕ್’ ಮಾಡುತ್ತಾರೆ. ಆಗ ಎರಡು ಗಂಟೆ ಇದ್ದದ್ದು ಒಂದಾಗುತ್ತದೆ. ಅದೇ ಮೀಟಿಂಗನ್ನು ಒಂದು ಗಂಟೆ ‘ಬ್ಯಾಕ್’ ಹಾಕಿದರೆ ಎರಡು ಇದ್ದದ್ದು ಮೂರಾಗುತ್ತದೆ. ಇದಕ್ಕೆ ಯಾರನ್ನು ಬೈಯೋದು!

ನ್ಯೂಜೆರ್ಸಿಯಿಂದ:
ಅಮೆರಿಕದವರಿಗಾದರೆ ‘ಮೂವ್ಡ್ ಅಪ್’ ಅನ್ನಿ. ‘ಮೂವ್ಡ್ ಫಾರ್ವರ್ಡ್’ ಮಾತ್ರ ಬೇಡ, ಅದರಲ್ಲಿ ಇಂಗ್ಲಿಷಿನವರಿಗೇ ಗೊಂದಲ. ‘ಮುಂದಿನ ಬುಧವಾರದ ಮೀಟಿಂಗನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದ್ದಾರೆ, ಈಗ ಯಾವ ದಿನ?’ ಅಂತ ಮನಶ್ಶಾಸ್ತ್ರದವರು ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ನಿಲ್ದಾಣದಲ್ಲೂ ಇದನ್ನೇ ಕೇಳಿದ್ದರು. ಯಾರನ್ನೋ ಕರೆದುಕೊಂಡು ಹೋಗಲು ಸುಮ್ನೆ ಕಾಯುತ್ತಿದ್ದವರಿಗಿಂತ, ಆಗತಾನೇ ವಿಮಾನ ಇಳಿದವರು ಶುಕ್ರವಾರ ಅಂದದ್ದು ಜಾಸ್ತಿ. ಪ್ರಯಾಣದಲ್ಲಿರುವ ಮನಸ್ಸಿಗೆ ಕಾಲದಲ್ಲಿ ತಾನೇ ಮುಂದೆ ಸಾಗುತ್ತಿರುವ ಹಾಗೆ ಅನ್ನಿಸುತ್ತದಂತೆ. ನಿಮ್ಮ ಕ್ಲೈಂಟ್ ಏರ್‌ಪೋರ್ಟಿನಲ್ಲಿ ಕೂತು ಮೇಲ್ ಓದುತ್ತಿದ್ದರೆ ಏನು ಗತಿ?

ತುಮಕೂರಿನಿಂದ, ವಕೀಲರು:
ಕೋರ್ಟಿನಲ್ಲಿ ನಾವು ಪ್ರಿಪೋನ್ ಅನ್ನುವುದಿಲ್ಲ, ‘ಅಡ್ವಾನ್ಸ್’ ಅನ್ನುತ್ತೇವೆ. ತಾರೀಖು ದೂರ ಇದ್ದು, ಅಷ್ಟರೊಳಗೆ ತುರ್ತು ಬಂದರೆ ಅಡ್ವಾನ್ಸ್‌ಮೆಂಟ್ ಅರ್ಜಿ ಹಾಕಿ ಕೇಸನ್ನು ಬೇಗ ತೆಗೆಸುವುದು. ಔಪಚಾರಿಕ ಪತ್ರಕ್ಕೆ ಈ ಪದ ಚೆನ್ನಾಗಿದೆ, ಹೊರದೇಶದಲ್ಲೂ ನಡೆಯುತ್ತದೆ. ಆದರೆ ಕಕ್ಷಿದಾರರ ಹತ್ತಿರ ‘ಕೇಸ್ ಅಡ್ವಾನ್ಸ್ ಮಾಡಿಸೋಣ’ ಅಂದರೆ ‘ಎಷ್ಟು ಕೊಡಬೇಕು ಸಾರ್?’ ಅಂತಾರೆ. ಅದಕ್ಕೆ ನಾನು ‘ತಾರೀಖು ಬೇಗ ತಗೊಳ್ಳೋಣ’ ಅಂತ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನಿಂದ, ಟ್ರಾವೆಲ್ಸ್ ನಡೆಸುವವರು:
ನಮ್ಮ ಕಸುಬಿನಲ್ಲಿ ಪ್ರಿಪೋನ್ ದಿನದ ಮಾತು. ತಡವಾದರೆ ಗಿರಾಕಿ ಕಾಯುತ್ತಾರೆ, ಬೈಯುತ್ತಾರೆ, ಅಷ್ಟೇ. ಬೇಗ ಆದರೆ ವಿಮಾನವೇ ತಪ್ಪುತ್ತದೆ. ಹಾಗಾಗಿ ಯಾವ ಪದವನ್ನೂ ನಂಬುವುದಿಲ್ಲ. ಹಳೆಯ ಸಮಯ, ಹೊಸ ಸಮಯ ಎರಡನ್ನೂ ಬರೆದು ಕಳಿಸುತ್ತೇವೆ: ‘12ನೇ ತಾರೀಖು ಶುಕ್ರವಾರ ಸಂಜೆ 4ಕ್ಕೆ ಇದ್ದದ್ದು 10ನೇ ತಾರೀಖು ಬುಧವಾರ ಮಧ್ಯಾಹ್ನ 2ಕ್ಕೆ’. ವಾರದ ಹೆಸರು ಬಿಡಬೇಡಿ, ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 3/4 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಲಂಡನ್ನಿಗೆ ‘ಬ್ರಾಟ್ ಫಾರ್ವರ್ಡ್’ ಅಂತ ಹಾಕಿ, ಎರಡೂ ತಾರೀಖು ಸೇರಿಸಿ ಮತ್ತೆ ಕಳಿಸಿದೆ. ಒಪ್ಪಿದರು. ನಮ್ಮ ಟೀಮಿನ ಗ್ರೂಪಿನಲ್ಲಿ ಪ್ರಿಪೋನ್ ಅಂತಲೇ ಹಾಕಿದ್ದೇನೆ, ಅಲ್ಲಿ ಯಾರೂ ಏನೂ ಕೇಳಲಿಲ್ಲ.