ಸ್ಲಾಟ್ ಕಾರ್ ಟ್ರ್ಯಾಕಿನ ಮೇಲ್ಸೇತುವೆಗೆ ಮನೆಯಲ್ಲೇ ಆಧಾರ ಕಟ್ಟುವುದು ಹೇಗೆ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1:32 ಅಳತೆಯ (ನಿಜವಾದ ಕಾರಿನ ಮೂವತ್ತೆರಡರಲ್ಲೊಂದು ಗಾತ್ರದ) ಸ್ಕೇಲೆಕ್ಸ್‌ಟ್ರಿಕ್ ಬ್ರ್ಯಾಂಡಿನ ಸ್ಲಾಟ್ ಕಾರ್ ಸೆಟ್, ಅಂದರೆ ಟ್ರ್ಯಾಕಿನ ಸೀಳು ಹಿಡಿದು ಕರೆಂಟಿನಿಂದ ಓಡುವ ಆಟಿಕೆ ಕಾರುಗಳ ಸೆಟ್ ಇದೆ. ನಾನೂ ಮಗನೂ ಸೇರಿ ಅದನ್ನು ಮಹಡಿಯ ಕೋಣೆಯ ನೆಲದ ಮೇಲೆ ಎಂಟರ ಆಕಾರದಲ್ಲಿ, ಒಂದು ದಾರಿ ಇನ್ನೊಂದರ ಮೇಲೆ ಹಾಯುವಂತೆ ಜೋಡಿಸಿದ್ದೇವೆ. ಸೆಟ್ಟಿನ ಜೊತೆ ಬಂದ ಪ್ಲಾಸ್ಟಿಕ್ ಕಂಬಗಳು ಸಾಲದೆ ಹೋದದ್ದರಿಂದ ಹಳೆಯ ಪುಸ್ತಕಗಳನ್ನೂ ಮರದ ತುಂಡುಗಳನ್ನೂ ಕೆಳಗಿಟ್ಟು, ಮೂರೇ ನೇರ ತುಂಡುಗಳಲ್ಲಿ ಟ್ರ್ಯಾಕನ್ನು 120 ಮಿ.ಮೀ. ಎತ್ತರಕ್ಕೆ ಏರಿಸಿದ್ದೇನೆ. ಕಾರು ಏರನ್ನೇನೋ ಹತ್ತುತ್ತದೆ. ಆದರೆ ನೆತ್ತಿಗೆ ಬಂದೊಡನೆ ಮೂತಿ ಎತ್ತಿ ಹೊರಗೆ ಹಾರುತ್ತದೆ, ನಿಧಾನವಾಗಿ ಬಿಟ್ಟರೆ ಅಲ್ಲೇ ನಿಂತುಬಿಡುತ್ತದೆ. ಆಧಾರಗಳ ನಡುವೆ ಟ್ರ್ಯಾಕು ಜೋತುಬೀಳುವುದೂ ಕಾಣುತ್ತದೆ. ಗಟ್ಟಿಯಾದ ಆಧಾರಗಳನ್ನು ಯಾವ ಸಾಮಾನಿನಿಂದ, ಎಷ್ಟೆಷ್ಟು ದೂರಕ್ಕೆ ಕಟ್ಟಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ಉದ್ಯಮಬಾಗ್, ಬೆಳಗಾವಿ)

ಸರ್, ನಿಮ್ಮ ತೊಂದರೆ ಕಂಬದ ಬಲದ್ದಲ್ಲ, ಏರಿನದು. ಒಂದು ನೇರ ತುಂಡಿನ ಉದ್ದ 350 ಮಿ.ಮೀ.; ಮೂರು ತುಂಡಿಗೆ 120 ಎಂದರೆ ಪ್ರತಿ ತುಂಡಿಗೆ 40 ಮಿ.ಮೀ. ಏರು, ಅಂದರೆ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು. ಅಷ್ಟು ಕಡಿದಾದ ಏರು ಒಮ್ಮೆಲೇ ಸಮತಟ್ಟಾದಾಗ ಕಾರಿನ ಮುಂದಿನ ಗೈಡು (ಸೀಳಿನಲ್ಲಿ ಕೂತು ಕಾರಿಗೆ ದಾರಿ ಹಿಡಿಸುವ ತುಂಡು) ಸೀಳಿನಿಂದ ಮೇಲೇಳುತ್ತದೆ, ಅದರ ತಾಮ್ರದ ಬ್ರೇಡು (ಕರೆಂಟು ಎಳೆದುಕೊಳ್ಳುವ ಹೆಣೆದ ತಂತಿ) ಸೀಳಿನ ಬದಿಯ ಲೋಹದ ಹಳಿಯನ್ನು ಬಿಡುತ್ತದೆ, ಕರೆಂಟು ತಪ್ಪಿ ಕಾರು ನಿಲ್ಲುತ್ತದೆ. ಕಾರಿನಡಿಯ ಅಯಸ್ಕಾಂತವೂ ಹಳಿಯಿಂದ ದೂರವಾದಷ್ಟು ಹಿಡಿತ ಕಳೆದುಕೊಳ್ಳುತ್ತದೆ.

ಏರನ್ನು ಏಳು ತುಂಡುಗಳಿಗೆ ಹಂಚಿರಿ. ಮೊದಲನೆಯ ಜೋಡಣೆಯಲ್ಲಿ ಎತ್ತರ 10 ಮಿ.ಮೀ. ಇರಲಿ, ಅಲ್ಲಿಂದ 30, 50, 70, 90, 110, ಕೊನೆಗೆ 120. ಆರಂಭದಲ್ಲಿಯೂ ನೆತ್ತಿಯಲ್ಲಿಯೂ ಹತ್ತೇ ಮಿ.ಮೀ. ಏರು ಇಟ್ಟಿರುವುದರಲ್ಲಿಯೇ ಇದರ ಜೀವ ಇದೆ. ಜಾಗ ಸಾಲದಿದ್ದರೆ ತಿರುವಿನಲ್ಲಿಯೂ ಏರಿಸಬಹುದು; ಆದರೆ ಅಲ್ಲಿ ಒಳಬದಿಗೂ ಹೊರಬದಿಗೂ ಒಂದೊಂದು ಕಂಬ ಬೇಕು, ಇಲ್ಲದಿದ್ದರೆ ಟ್ರ್ಯಾಕು ತಿರುಚಿಕೊಳ್ಳುತ್ತದೆ. ಆಧಾರ ಯಾವಾಗಲೂ ಜೋಡಣೆಯ ಕೆಳಗೇ ಬರಬೇಕು, ಏಕೆಂದರೆ ಟ್ರ್ಯಾಕು ಜೋತುಬೀಳುವುದು ಅಲ್ಲಿಯೇ.

ಸಾಮಾನಿಗೆ ನಾನು ಎಂ8 ಥ್ರೆಡ್ ರಾಡನ್ನೇ (8 ಮಿ.ಮೀ. ದಪ್ಪದ, ಉದ್ದಕ್ಕೂ ಥ್ರೆಡ್ಡಿರುವ ಸರಳು) ಹೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಉದ್ದದ ರಾಡು ಸಿಗುತ್ತದೆ. ಟ್ರ್ಯಾಕಿನ ಅಗಲ 156 ಮಿ.ಮೀ. ಇರುವುದರಿಂದ 230 ಮಿ.ಮೀ. ಉದ್ದದ ಪ್ಲೈವುಡ್ ಅಡ್ಡಪಟ್ಟಿ ಮಾಡಿ, ಎರಡೂ ತುದಿಗೆ ರಂಧ್ರ ಕೊರೆದು, ಅದರಲ್ಲಿ ಒಂದೊಂದು ರಾಡು ತೂರಿಸಿ, ಪಟ್ಟಿಯ ಮೇಲೊಂದು ಕೆಳಗೊಂದು ನಟ್ಟು ಬಿಗಿಯಿರಿ. ಎಂ8 ರಾಡಿನಲ್ಲಿ ನಟ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಪಟ್ಟಿ 1.25 ಮಿ.ಮೀ. ಏರುತ್ತದೆ, ಇಷ್ಟು ನಾಜೂಕಿನ ಹೊಂದಾಣಿಕೆ ಮರದ ತುಂಡಿನಲ್ಲಿ ಸಿಗುವುದಿಲ್ಲ. ರಾಡನ್ನು ಗರಗಸದಿಂದ ಕತ್ತರಿಸುವ ಮೊದಲು ಅದಕ್ಕೊಂದು ನಟ್ಟು ಹಾಕಿಟ್ಟುಕೊಳ್ಳಿ. ಕತ್ತರಿಸಿದ ಮೇಲೆ ಅದನ್ನು ತುದಿಯಿಂದ ಬಿಚ್ಚಿ ತೆಗೆದರೆ ಕೆಟ್ಟ ಥ್ರೆಡ್ಡು ತಾನೇ ಸರಿಯಾಗುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಬೇಡ. ನಮ್ಮೂರಿನ ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೂ ವಾರ್ನಿಶ್ ಹಚ್ಚಲೇಬೇಕು.

ಉತ್ತರ (ವಿಜಯಪುರ)

ಮೇಲಿನ ಸಹೋದರರ ಲೆಕ್ಕ ಸರಿಯಾಗಿದೆ. ನಮ್ಮ ಹಳೆಯ ಮನೆಯ ಫರಸಿ ನೆಲ ಎಲ್ಲಿಯೂ ಒಂದೇ ಮಟ್ಟಕ್ಕಿಲ್ಲ; ಆದ್ದರಿಂದ ನಟ್ಟಿನ ಹೊಂದಾಣಿಕೆಯ ಬೆಲೆ ನನಗೆ ಗೊತ್ತು. ಆದರೆ ಒಂದು ಮಾತು ಸೇರಿಸಬೇಕು: ಟ್ರ್ಯಾಕನ್ನು ಅಡ್ಡಪಟ್ಟಿಗೆ ಸ್ಕ್ರೂ ಹಾಕಿಯಾಗಲಿ ಅಂಟು ಹಚ್ಚಿಯಾಗಲಿ ಕಟ್ಟಿಹಾಕಬೇಡಿರಿ. ಹೋದ ಬೇಸಿಗೆಯಲ್ಲಿ ನಾನು ಹಾಗೆ ಮಾಡಿದ್ದೆ. ಮೇ ತಿಂಗಳ ಮಧ್ಯಾಹ್ನ ಕಾಂಕ್ರೀಟ್ ಛಾವಣಿಯ ಕೋಣೆ ಕಾದಾಗ ಪ್ಲಾಸ್ಟಿಕ್ ಹಿಗ್ಗಿ, ಹೋಗಲು ದಾರಿಯಿಲ್ಲದೆ, ಸೇತುವೆಯ ನಡುವೆ ಡುಬ್ಬದಂತೆ ಎದ್ದಿತು. ಈಗ ಒಂದು ಕಡೆ ಮಾತ್ರ ಬಿಗಿದು, ಉಳಿದೆಡೆ ಪಟ್ಟಿಯ ಎರಡೂ ಬದಿಗೆ ಸಣ್ಣ ಮರದ ತಡೆ ಹೊಡೆದು, ನಡುವೆ ಟ್ರ್ಯಾಕು ಜಾರುವಷ್ಟು ಸಡಿಲ ಬಿಟ್ಟಿದ್ದೇನೆ. ಟ್ರ್ಯಾಕಿನ ತಳದಲ್ಲಿ ಹಳಿಯ ಲೋಹ ಹೊರಗೆ ಕಾಣುತ್ತದೆ. ರಾಡಿನ ತುದಿ ಅದಕ್ಕೆ ತಾಗದಂತೆ ನೋಡಿಕೊಳ್ಳಿರಿ, ಶಾರ್ಟ್ ಆಗಬಹುದು.

ಉತ್ತರ (ನವನಗರ, ಬಾಗಲಕೋಟೆ)

ಸೇತುವೆಯ ಎರಡೂ ಅಂಚಿಗೆ ತಡೆಗೋಡೆ ಮರೆಯಬೇಡಿರಿ. ಅಷ್ಟು ಎತ್ತರದಿಂದ ಕಾರು ಕಲ್ಲಿನ ನೆಲಕ್ಕೆ ಬಿದ್ದರೆ ಮೊದಲು ಮುರಿಯುವುದು ಕನ್ನಡಿ, ಆಮೇಲೆ ಹಿಂದಿನ ರೆಕ್ಕೆ. ಸೇತುವೆಯ ಕೆಳಗೆ ಕೈ ಹೋಗುವಷ್ಟು ಎಡೆಯೂ ಇರಲಿ. ಕಾರು ಕೆಟ್ಟು ನಿಂತರೆ ತೆಗೆಯಲೇಬೇಕಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ರವಿವಾರ ಇಡೀ ದಿನ ಕುಳಿತು ಏಳು ಜೊತೆ ಕಂಬ ಮಾಡಿದೆವು. ಮೊದಲ ಓಟದಲ್ಲಿ ಕಾರು ನೆತ್ತಿಯ ಹಿಂದಿನ ಜೋಡಣೆಯಲ್ಲಿ ಮಾತ್ರ ತುಸು ಕುಪ್ಪಳಿಸಿತು. ಅಲ್ಲಿಯ ನಟ್ಟುಗಳನ್ನು ಮಗ ಎರಡು ಸುತ್ತು ಇಳಿಸಿದ. ಆಮೇಲೆ ಪೂರ್ತಿ ವೇಗದಲ್ಲಿ ಬಿಟ್ಟರೂ ಗೈಡು ಸೀಳು ಬಿಡಲಿಲ್ಲ. ತಡೆಗೋಡೆಯ ಕೆಲಸ ಮುಂದಿನ ವಾರ.